ಮನೆಯ ಹಾಲ್‌ನಲ್ಲೇ ದಿನಾ ಕುಣಿಯುವುದು: ನೆಲ, ಮಂಡಿ, ಸಮಯ, ಮನಸ್ಸು – ತಿಳಿದವರು ಹೇಳಿ

ಕನಕಪುರರಸ್ತೆ44 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಯಸ್ಸು 44, ಹೆಂಗಸು, ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಬಿ.ಪಿ. ಗಡಿಯಲ್ಲಿದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 5.9. ಎರಡಕ್ಕೂ ಮಾತ್ರೆ ಇನ್ನೂ ಶುರುವಾಗಿಲ್ಲ, ಮೈಗೆ ಕೆಲಸ ಕೊಡಿ ಅಂತ ಡಾಕ್ಟರು ಹೇಳಿದ್ದಾರೆ. ನಮ್ಮ ರಸ್ತೆಯ ಫುಟ್‌ಪಾತ್ ವಾಕಿಂಗ್‌ಗೆ ಆಗಿಬರುವಂಥದ್ದಲ್ಲ, ಜಿಮ್ ನನಗೆ ಒಗ್ಗುವುದಿಲ್ಲ. ಕುಣಿಯುವುದೆಂದರೆ ಮಾತ್ರ ಮನಸ್ಸು ತಾನಾಗಿ ಏಳುತ್ತದೆ. ಚಿಕ್ಕಂದಿನಲ್ಲಿ ಭರತನಾಟ್ಯ ಜೂನಿಯರ್‌ವರೆಗೆ ಆಗಿದೆ.

ಜಾಗ: ಸೋಫಾ ಮತ್ತು ಟಿ.ವಿ. ಸ್ಟ್ಯಾಂಡ್ ನಡುವೆ 8 ಅಡಿಗೆ 7 ಅಡಿ. ವಿಟ್ರಿಫೈಡ್ ಟೈಲ್ಸ್. ಎರಡನೇ ಮಹಡಿ, ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಬಲಮಂಡಿಯ ಮುಂಭಾಗ ಮೆಟ್ಟಿಲು ಇಳಿಯುವಾಗ ನೋಯುತ್ತದೆ, ಊತವೇನಿಲ್ಲ. ಸಂಜೆ ಹೊತ್ತಿಗೆ ಸಣ್ಣದಕ್ಕೂ ಸಿಡುಕು, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ.

ಕೇಳಬೇಕಾಗಿರುವುದು ಇಷ್ಟು. ಕಾಲಿಗೆ ಏನು ಹಾಕಿಕೊಳ್ಳಬೇಕು, ಬರಿಗಾಲೇ ಸರಿಯೇ? ಎಷ್ಟು ನಿಮಿಷ, ಯಾವ ಕ್ರಮದಲ್ಲಿ ಮಾಡಬೇಕು? ಅಡವುಗಳನ್ನು (ಭರತನಾಟ್ಯದ ಮೂಲ ಹೆಜ್ಜೆಗಳನ್ನು) ಮತ್ತೆ ಹಿಡಿಯಲೇ, ಇಲ್ಲ ಹಾಡು ಹಾಕಿ ಬಂದಂತೆ ಕುಣಿಯಲೇ? ಮನಸ್ಸಿನ ಭಾರಕ್ಕೆ ಇದೊಂದೇ ಸಾಕಾಗುತ್ತದೆಯೇ?

ಮಂಡಿಚಿಪ್ಪು

ಮೊದಲು ನೆಲ ನೋಡೋಣ ಮೇಡಂ, ಹೆಜ್ಜೆ ಆಮೇಲೆ. ಟೈಲ್ಸ್ ಕೆಳಗಿರುವುದು ಕಾಂಕ್ರೀಟ್ ಸ್ಲ್ಯಾಬ್, ಅದು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಒಳ್ಳೆಯ ನೃತ್ಯಶಾಲೆಗಳಲ್ಲಿ ಮರದ ಹಲಗೆಯ ಅಡಿಗೆ ಪಟ್ಟಿಗಳನ್ನೋ ರಬ್ಬರನ್ನೋ ಕೊಟ್ಟು ನೆಲವೇ ಒಂದಿಷ್ಟು ತಗ್ಗಿ ಏಳುವ ಹಾಗೆ ಮಾಡಿರುತ್ತಾರೆ. ನಿಮ್ಮ ಹಾಲ್‌ನಲ್ಲಿ ಆ ಪೆಟ್ಟನ್ನೆಲ್ಲ ಹಿಮ್ಮಡಿ, ಮಂಡಿಯಿಂದ ಕೆಳಗಿನ ಕಾಲಮೂಳೆ, ಮಂಡಿ, ಸೊಂಟಗಳೇ ಹಂಚಿಕೊಳ್ಳಬೇಕು. ಉತ್ಸಾಹದಿಂದ ಶುರುಮಾಡಿದವರಲ್ಲಿ ಮೂರ್ನಾಲ್ಕು ವಾರಕ್ಕೆ ಬೆಳಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುವುದು, ಆ ಕಾಲಮೂಳೆಯ ಒಳಅಂಚು ನೋಯುವುದು ಇದೇ ಕಾರಣಕ್ಕೆ.

ಯೋಗಾ ಮ್ಯಾಟ್ ಹಾಕಿಬಿಟ್ಟರೆ ಆಯಿತು ಅನ್ನುವವರೇ ಹೆಚ್ಚು. ಕುಣಿತಕ್ಕೆ ಅದು ಬೇಡ. ಪಕ್ಕಕ್ಕೆ ಹೆಜ್ಜೆ ಹಾಕಿದಾಗ ಅದರ ಅಂಚು ಮಡಚಿಕೊಂಡು ಕಾಲಿಗೆ ಸಿಕ್ಕುತ್ತದೆ. ತಿರುಗುವಾಗ ಪಾದ ಮ್ಯಾಟ್‌ಗೆ ಅಂಟಿಕೊಂಡು ಮೈ ಮಾತ್ರ ತಿರುಗುತ್ತದೆ, ಆ ತಿರುಚು ಬಂದು ನಿಲ್ಲುವುದು ಮಂಡಿಯಲ್ಲಿ. ಜಮಖಾನೆಯಂತೂ ಟೈಲ್ಸ್ ಮೇಲೆ ಜಾರುತ್ತದೆ. ಒಂದಕ್ಕೊಂದು ಕಚ್ಚಿಕೊಳ್ಳುವ ಇವಿಎ ಫೋಮ್ ಹಲಗೆಗಳು ಸಿಗುತ್ತವೆ, 2 ಅಡಿಗೆ 2 ಅಡಿಯವು. 10–12 ಮಿ.ಮೀ. ದಪ್ಪದವು ಹನ್ನೆರಡು ತಂದರೆ 8 ಅಡಿಗೆ 6 ಅಡಿ ಜಾಗ ತುಂಬುತ್ತದೆ. ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಅದು ಮಕ್ಕಳು ಆಡುವ ಮೆತ್ತನೆಯ ಮಾಲು, ಅದರ ಮೇಲೆ ಹರಡು (ಪಾದದ ಕೀಲು) ಉಳುಕುತ್ತದೆ. ಗಟ್ಟಿಯಾಗಿದ್ದು ಸ್ವಲ್ಪವೇ ತಗ್ಗುವುದನ್ನು ತನ್ನಿ. ಹಾಸುವ ಮುಂಚೆ ನೆಲ ಒರೆಸಿ ಪೂರ್ತಿ ಒಣಗಲು ಬಿಡಿ. ಅಡಿಯಲ್ಲಿ ತೇವ ಉಳಿದರೆ ಇಡೀ ಹಾಸೇ ಸರಿದಾಡುತ್ತದೆ.

ಕಾಲಿಗೆ ಏನು ಅನ್ನುವುದಕ್ಕೆ: ಜಿಗಿತ ಇಲ್ಲದೆ, ಆ ಫೋಮ್ ಮೇಲೆ ಕುಣಿಯುವುದಾದರೆ ಬರಿಗಾಲೇ ಸಾಕು. ಬೆರಳುಗಳಿಗೆ ನೆಲ ಗೊತ್ತಾಗುತ್ತದೆ, ತೂಕ ಎಲ್ಲಿ ಬೀಳುತ್ತಿದೆ ಅನ್ನುವುದು ತಿಳಿಯುತ್ತದೆ. ಹಿಮ್ಮಡಿ ನೋವಿನ ಇತಿಹಾಸ ಇದ್ದವರು ಮಾತ್ರ ಚಪ್ಪಟೆ ಅಡಿಯ, ಹಗುರವಾದ ಶೂ ಹಾಕಿಕೊಳ್ಳಲಿ. ರನ್ನಿಂಗ್ ಶೂ ಬೇಡ. ಅದರ ಅಡಿಭಾಗ ಮುಂದಕ್ಕೆ ಓಡುವುದಕ್ಕೆ ಮಾಡಿದ್ದು, ನೆಲವನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ, ಪಕ್ಕಕ್ಕೆ ಸರಿಯಲು ತಿರುಗಲು ಬಿಡುವುದಿಲ್ಲ. ಬರೀ ಕಾಲುಚೀಲದಲ್ಲಿ ಟೈಲ್ಸ್ ಮೇಲೆ ಯಾವತ್ತೂ ಕುಣಿಯಬೇಡಿ.

ಇನ್ನು ಮಂಡಿ. ಮೆಟ್ಟಿಲು ಇಳಿಯುವಾಗ ಮುಂಭಾಗದಲ್ಲಿ ನೋವು, ಊತ ಇಲ್ಲ ಅಂದರೆ ಸಾಮಾನ್ಯವಾಗಿ ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಜಾರುವ ಜಾಗದ ತಕರಾರು. ತೊಡೆಯ ಮುಂದಿನ ಸ್ನಾಯುವೂ ಸೊಂಟದ ಪಕ್ಕದ ಸ್ನಾಯುವೂ ಸೋತಾಗ ಮಂಡಿ ಒಳಕ್ಕೆ ವಾಲುತ್ತದೆ, ಚಿಪ್ಪಿನ ಒಂದೇ ಬದಿಗೆ ಒತ್ತಡ ಬೀಳುತ್ತದೆ. ಕನ್ನಡಿಯ ಮುಂದೆ ನಿಂತು ಕುರ್ಚಿಯಲ್ಲಿ ಕೂರುವ ಹಾಗೆ ಮಂಡಿ ಬಗ್ಗಿಸಿ ನೋಡಿ. ಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಬರಬೇಕು. ಹೆಬ್ಬೆರಳಿನ ಒಳಗಡೆಗೆ ಹೋಗುತ್ತಿದ್ದರೆ ಅದೇ ದೋಷ. ಮಂಡಿಗಳನ್ನು ಹೊರಕ್ಕೆ ತಿರುಗಿಸಿ ಅರ್ಧ ಕೂರುವ ಅರೆಮಂಡಿಯಲ್ಲೂ ಇದೇ ಲೆಕ್ಕ. ಪಾದ ಎಷ್ಟು ಹೊರಕ್ಕೆ ತಿರುಗಬೇಕು ಅನ್ನುವುದನ್ನು ಸೊಂಟದ ಕೀಲು ತೀರ್ಮಾನಿಸಬೇಕು. ಹನ್ನೆರಡನೇ ವಯಸ್ಸಿನಲ್ಲಿ ಬರುತ್ತಿದ್ದ ಕೋನವನ್ನು ಈಗ ಪಾದದಿಂದ ಬಲವಂತವಾಗಿ ತಂದರೆ ಸೊಂಟ ಕೊಡದಿದ್ದನ್ನು ಮಂಡಿ ಕೊಡಬೇಕಾಗುತ್ತದೆ. ಮೊದಲ ಎರಡು ತಿಂಗಳು ಅರೆಮಂಡಿಯ ಅರ್ಧದಷ್ಟೇ ಇಳಿಯಿರಿ. ಮುಳುಮಂಡಿ (ಪೂರ್ತಿ ಕೂರುವುದು) ಸದ್ಯಕ್ಕೆ ಬೇಡ.

ಕುಣಿಯುವುದರ ಜೊತೆ ವಾರಕ್ಕೆ ಎರಡು ದಿನ ಇದನ್ನೂ ಮಾಡಿ: ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನಕ್ಕೆ ಕೂರುವುದು 10 ಸಲ, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಏಳುವುದು 12 ಸಲ, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು ಒಂದೊಂದು ಬದಿಗೆ 12 ಸಲ. ಎಲ್ಲವೂ ಎರಡೆರಡು ಸುತ್ತು. ಇಳಿಯುವಾಗ ಮೂರು ಎಣಿಸಿ, ಬಲ ಬರುವುದು ಆ ಇಳಿಕೆಯಲ್ಲೇ.

ನೋವಿಗೆ ಒಂದು ಅಳತೆ ಇಟ್ಟುಕೊಳ್ಳಿ. ಹತ್ತಕ್ಕೆ ಮೂರರ ಒಳಗಿದ್ದು ಮರುದಿನ ಬೆಳಗ್ಗೆ ಹೊತ್ತಿಗೆ ಮೊದಲಿನಂತಾದರೆ ಮುಂದುವರಿಸಬಹುದು. ಅದಕ್ಕಿಂತ ಹೆಚ್ಚಾದರೆ, ಇಲ್ಲ ಮರುದಿನವೂ ಉಳಿದರೆ, ಸಮಯವನ್ನು ಅರ್ಧಕ್ಕೆ ಇಳಿಸಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡಂತೆ ಮಡಚಲಾಗದೆ ನಿಂತರೆ, ನಡೆಯುವಾಗ ತಟ್ಟನೆ ಕುಸಿದರೆ ಕುಣಿತ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ.

ತಕಿಟ_ತಕಧಿಮಿ

ಅಡವೋ ಹಾಡೋ ಅಂದರೆ ಎರಡೂ, ಆದರೆ ಬೇರೆ ಬೇರೆ ಹೊತ್ತಿಗೆ. 24 ನಿಮಿಷದ ಒಂದು ಕ್ರಮ ಹೇಳುತ್ತೇನೆ, ಅಲ್ಲಿಗೆ ಐದನೇ ವಾರಕ್ಕೆ ತಲುಪಿದರೆ ಸಾಕು. ಮೊದಲೆರಡು ವಾರ ಇದರ ಅರ್ಧ, 12 ನಿಮಿಷ, ವಾರಕ್ಕೆ ನಾಲ್ಕು ದಿನ. ಮೂರು ಮತ್ತು ನಾಲ್ಕನೇ ವಾರ 18 ನಿಮಿಷ.

ಮೊದಲ ಐದು ನಿಮಿಷ ಮೈ ಕಾಯಿಸಿಕೊಳ್ಳಲು. ನಿಮಿಷಕ್ಕೆ ಸುಮಾರು 100 ಬಡಿತದ ಹಾಡು ಇರಲಿ. ಬಡಿತ ಲೆಕ್ಕ ಹಾಕಲು ಆ್ಯಪ್ ಬೇಕಿಲ್ಲ, ತಾಳ ತಟ್ಟುತ್ತಾ 15 ಸೆಕೆಂಡಿಗೆ ಎಷ್ಟಾಯಿತು ನೋಡಿ, ನಾಲ್ಕರಿಂದ ಗುಣಿಸಿ. ನಿಂತಲ್ಲೇ ಹೆಜ್ಜೆ, ಹರಡು ಸುತ್ತಿಸುವುದು, ಸೊಂಟದಿಂದ ಎಂಟರ ಆಕಾರ, ಭುಜವನ್ನು ಹಿಂದಕ್ಕೆ ಉರುಳಿಸುವುದು. ಕುತ್ತಿಗೆಯನ್ನು ಗಿರ್ರನೆ ತಿರುಗಿಸಬೇಡಿ, ಎಡಕ್ಕೆ ಬಲಕ್ಕೆ ನೋಡಿದರೆ ಸಾಕು. ಇಡೀ ದಿನ ಕಂಪ್ಯೂಟರ್ ಪರದೆ ನೋಡಿದ ಕುತ್ತಿಗೆ ಅದು.

ನಂತರ ಎಂಟು ನಿಮಿಷ ಕಟ್ಟಿದ ಹೆಜ್ಜೆಗಳು. ಇಲ್ಲಿ ನಿಮ್ಮ ಹಳೆಯ ಪಾಠ ಕೈಹಿಡಿಯುತ್ತದೆ. ಪಾದ ತಟ್ಟುವ ಮೊದಲ ಪಾಠವಾದ ತಟ್ಟಡವಿನ ಮೊದಲ ಮೂರ್ನಾಲ್ಕು ಬಗೆ ಸಾಕು, ವಿಳಂಬ (ನಿಧಾನ) ಮತ್ತು ಮಧ್ಯ ಕಾಲದಲ್ಲಿ ಮಾತ್ರ. ದ್ರುತ (ವೇಗದ ಕಾಲ) ಬೇಡ, ಆ ವೇಗದಲ್ಲಿ ಮೈ ಮೇಲೇಳುತ್ತದೆ, ಪಾದ ಬಡಿಯುತ್ತದೆ, ಮಂಡಿಗೂ ಕೆಳಗಿನ ಮನೆಯವರಿಗೂ ಏಟು. ಪಾದವನ್ನು ನೆಲದಿಂದ ನಾಲ್ಕು ಬೆರಳಿನಷ್ಟೇ ಎತ್ತಿ ಇಡೀ ಅಂಗಾಲನ್ನು ಒಟ್ಟಿಗೆ ಇಡಿ. ಹಿಮ್ಮಡಿಯೊಂದೇ ಮೊದಲು ಬಿದ್ದರೆ 'ಧಡ್' ಅನ್ನುತ್ತದೆ, ಪೂರ್ತಿ ಅಂಗಾಲು ಬಿದ್ದರೆ 'ತಪ್' ಅನ್ನುತ್ತದೆ. ಆ ಸದ್ದು ಕೇಳಿಸಿಕೊಂಡೇ ತಿದ್ದಿಕೊಳ್ಳಬಹುದು. ನಾಲ್ಕೆಣಿಕೆಗೆ ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಜೋಡಿಸುವುದು, ಮುಂದಕ್ಕೊಂದು ಹಿಂದಕ್ಕೊಂದು, ಇವನ್ನು ನಡುನಡುವೆ ಸೇರಿಸಿ. ತಿರುಗಬೇಕೆಂದರೆ ಒಂಟಿ ಕಾಲಿನಲ್ಲಿ ಸುತ್ತಬೇಡಿ, ನಾಲ್ಕು ಪುಟ್ಟ ಹೆಜ್ಜೆಯಲ್ಲಿ ಸುತ್ತು ಮುಗಿಸಿ.

ಈ ಎಂಟು ನಿಮಿಷದಲ್ಲಿ ಹಾಡಿನ ಬದಲು ಸೊಲ್ಲುಕಟ್ಟನ್ನು (ಹೆಜ್ಜೆಯ ತಾಳದ ನುಡಿಗಳನ್ನು) ಬಾಯಲ್ಲಿ ಹೇಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಹೊಸದಾಗಿ ಕುಣಿಯುವವರ ದೊಡ್ಡ ತಪ್ಪೆಂದರೆ ಉಸಿರು ಬಿಗಿಹಿಡಿಯುವುದು, ಹಲ್ಲು ಕಚ್ಚುವುದು. 'ತೈಯಾ ತೈ' ಎಂದು ಹೇಳುತ್ತಿದ್ದರೆ ಉಸಿರು ಹೊರಗೆ ಹೋಗಲೇಬೇಕು, ದವಡೆ ಸಡಿಲಾಗಲೇಬೇಕು. ಜೊತೆಗೆ ತಲೆಯೊಳಗಿನ ಗಿರಕಿ ನಿಲ್ಲುತ್ತದೆ, ಬಾಯಿಗೂ ಎಣಿಕೆಗೂ ಕೆಲಸ ಕೊಟ್ಟ ಮೇಲೆ ಆಫೀಸಿನ ಮಾತು ಮರುಕಳಿಸಲು ಜಾಗ ಸಿಗುವುದಿಲ್ಲ. ನಾಲ್ಕೆಣಿಕೆಯ ತಕಧಿಮಿ ಅಭ್ಯಾಸವಾಗಿ ತಾನಾಗಿ ಬರತೊಡಗಿದಾಗ ಮೂರರ ತಕಿಟಕ್ಕೆ ಹೋಗಿ, ಆಮೇಲೆ ಐದರ ತಕತಕಿಟ, ಏಳರ ತಕಿಟತಕಧಿಮಿ. ಬೆಸ ಎಣಿಕೆಯಲ್ಲಿ ಮೊದಲ ಪೆಟ್ಟು ಪ್ರತಿ ಸುತ್ತಿಗೂ ಕಾಲು ಬದಲಿಸುತ್ತದೆ. ಗಮನ ಆಚೀಚೆ ಹೋದ ಕೂಡಲೇ ಕಾಲು ತಪ್ಪುತ್ತದೆ, ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ಎಡ-ಬಲ ಎರಡಕ್ಕೂ ಸಮನಾಗಿ ಕೆಲಸ ಬೀಳುವುದು ಇನ್ನೊಂದು ಲಾಭ.

ಕೈಗಳ ವಿಚಾರ. ನಾಟ್ಯಾರಂಭದಲ್ಲಿ (ಅಡವಿನ ಶುರುವಿನ ಭಂಗಿಯಲ್ಲಿ) ಕೈ ಚಾಚಿ ಬಹಳ ಹೊತ್ತು ನಿಂತರೆ ಕುರ್ಚಿ ಕೆಲಸದವರ ಭುಜ ಕಿವಿಯ ಕಡೆಗೆ ಏರುತ್ತದೆ, ಮರುದಿನ ಕುತ್ತಿಗೆ ಹಿಡಿಯುತ್ತದೆ. 16 ಎಣಿಕೆ ಹಿಡಿಯಿರಿ, 16 ಎಣಿಕೆ ಸೊಂಟದ ಮೇಲಿಡಿ. ಮೊಣಕೈ ಬೆನ್ನಿಗಿಂತ ಒಂದಿಷ್ಟು ಮುಂದೆ ಇರಲಿ.

ಆಮೇಲಿನ ಆರು ನಿಮಿಷ ನಿಮ್ಮದು. ಕನ್ನಡಿ ಇಲ್ಲ, ವಿಡಿಯೋ ಇಲ್ಲ, ಮೊಬೈಲ್ ಏರೋಪ್ಲೇನ್ ಮೋಡ್‌ನಲ್ಲಿ. 115ರಿಂದ 125 ಬಡಿತದ, ಪೂರ್ತಿ ಹಾಡು ಒಂದೋ ಎರಡೋ. ಮೂವತ್ತು ಸೆಕೆಂಡಿನ ರೀಲ್ಸ್ ತುಣುಕುಗಳಿಗೆ ಕುಣಿದರೆ ಮೈ ಕಾದು ಲಯ ಹಿಡಿಯುವ ಮುಂಚೆಯೇ ನಿಂತುಬಿಡುತ್ತದೆ. ಏನು ಮಾಡಬೇಕೋ ತೋಚದಿದ್ದರೆ ಒಂದು ಉಪಾಯ: ಒಂದು ಚರಣ ಬರೀ ಭುಜಗಳು ಮುನ್ನಡೆಸಲಿ, ಇನ್ನೊಂದು ಚರಣ ಸೊಂಟ, ಮತ್ತೊಂದರಲ್ಲಿ ಅಂಗೈ. ಇಲ್ಲವೇ ಅದೇ ಚಲನೆಯನ್ನು ಅರ್ಧ ವೇಗದಲ್ಲಿ ಮಾಡಿ. ಯಾರಾದರೂ ನೋಡಿದರೆ ಹೇಗೆ ಕಾಣುತ್ತೇನೆ ಅನ್ನುವ ಲೆಕ್ಕ ತಲೆಗೆ ಬಂದಷ್ಟೂ ಚಲನೆ ಚಿಕ್ಕದಾಗುತ್ತದೆ, ಪರದೆ ಎಳೆದುಕೊಳ್ಳಿ.

ಕೊನೆಯ ಐದು ನಿಮಿಷವನ್ನು ಕತ್ತರಿಸುವವರೇ ಜಾಸ್ತಿ. ಥಟ್ಟನೆ ನಿಂತರೆ ಕಾಲುಗಳಲ್ಲಿ ಸೇರಿದ ರಕ್ತ ಮೇಲೇರಲು ಹೊತ್ತು ಬೇಕು, ತಲೆಸುತ್ತು ಬರುವುದು ಅದಕ್ಕೇ. 80ಕ್ಕಿಂತ ಕಡಿಮೆ ಬಡಿತದ ಹಾಡಿಗೆ ಎರಡು ನಿಮಿಷ ನಡೆದಾಡಿ. ಆಮೇಲೆ ಗೋಡೆಗೆ ಕೈಯಿಟ್ಟು ಮೀನಖಂಡ, ತೊಡೆಯ ಮುಂಭಾಗ, ಸೊಂಟದ ಮುಂಭಾಗ ಹಿಗ್ಗಿಸಿ, ಒಂದೊಂದಕ್ಕೂ 30 ಸೆಕೆಂಡು.

ಬಿಪಿ_ಪುಸ್ತಕ

ಮೇಲಿನವರು ಬಿಟ್ಟ ಲೆಕ್ಕ ಮಾತ್ರ ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂದಿದೆ. ವಾರಕ್ಕೆ ಆರು ದಿನ 24 ನಿಮಿಷ ಕುಣಿದರೆ 144 ಆಗುತ್ತದೆ, ದಿನದ ಓಡಾಟದಲ್ಲಿ ಚುರುಕಾಗಿ ನಡೆದದ್ದು ಉಳಿದದ್ದನ್ನು ತುಂಬುತ್ತದೆ. ಅಷ್ಟು ಆಗದಿದ್ದರೂ ನಷ್ಟವಿಲ್ಲ, ಎಷ್ಟು ಮಾಡಿದರೂ ಏನೂ ಮಾಡದಿರುವುದಕ್ಕಿಂತ ಒಳ್ಳೆಯದು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ.

ಶ್ರಮ ಮಧ್ಯಮವೋ ಅಲ್ಲವೋ ತಿಳಿಯಲು: ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಡಿ ನೋಡುವವರಿಗೆ, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ. 44ಕ್ಕೆ ಗರಿಷ್ಠ ಸುಮಾರು 177. ಅದರ ಶೇ 64ರಿಂದ 76, ಅಂದರೆ 113ರಿಂದ 135ರ ನಡುವೆ ಇದ್ದರೆ ಸರಿ. ಇದು ಅಂದಾಜು ಮಾತ್ರ. ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ: ಬಿ.ಪಿ.ಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಾಡಿ ಅಷ್ಟಾಗಿ ಏರುವುದಿಲ್ಲ, ಈ ಲೆಕ್ಕ ನಂಬಬೇಡಿ, ಮಾತಿನ ಪರೀಕ್ಷೆ ಸಾಕು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರು ಕುಣಿಯುವ ಮುಂಚೆ ಸಕ್ಕರೆ ನೋಡಿಕೊಳ್ಳಬೇಕು. ನಡುಕ, ತಣ್ಣನೆಯ ಬೆವರು ಬಂದರೆ ನಿಲ್ಲಿಸಿ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚದಷ್ಟು, ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಹೊತ್ತು: ಊಟವಾದ ಮೇಲೆ ಮೆಲುವಾದ ಹೆಜ್ಜೆ ಹತ್ತು ನಿಮಿಷ ಹಾಕಿದರೆ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆ, ನಿಮ್ಮ 5.9ಕ್ಕೆ ಅದು ಉಪಯೋಗ. ಬೆವರು ಸುರಿಸುವ ಭಾಗ ಮಾತ್ರ ಊಟವಾಗಿ ಎರಡು ಗಂಟೆಯ ನಂತರ. ಎದೆ ಒತ್ತಿದಂತಾಗುವುದು, ನೋವು ದವಡೆಗೋ ಎಡಗೈಗೋ ಹರಿಯುವುದು, ಕಣ್ಣು ಕತ್ತಲೆ ಬರುವುದು, ಇದರಲ್ಲಿ ಯಾವುದು ಕಂಡರೂ ಆ ಕ್ಷಣವೇ ನಿಲ್ಲಿಸಿ 108ಕ್ಕೆ ಕರೆ ಮಾಡಿ.

ಸಂಜೆಮನಸ್ಸು

ನಿಮ್ಮ ಕೊನೆಯ ಪ್ರಶ್ನೆಗೆ ಯಾರೂ ಇನ್ನೂ ಬಂದಿಲ್ಲ. ಅದೇ ಮುಖ್ಯ ಅಂತ ನನಗನ್ನಿಸುತ್ತದೆ.

ಕುಣಿತ ಮನಸ್ಸಿಗೆ ಹಿತ ಅನ್ನುವುದಕ್ಕೆ ಆಧಾರ ಇದೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಖಿನ್ನತೆಗೆ ವ್ಯಾಯಾಮದ ಕುರಿತ 218 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ ಬಂತು. ಅದರಲ್ಲಿ ನೃತ್ಯದ ಪರಿಣಾಮ ದೊಡ್ಡದಾಗಿಯೇ ಕಂಡಿತು. ಆದರೆ ನೃತ್ಯದ ಮೇಲಿನ ಪ್ರಯೋಗಗಳು ಕಡಿಮೆ, ಅವೂ ಚಿಕ್ಕವು, ಹಾಗಾಗಿ ಅದನ್ನೇ ಖಚಿತ ಮಾತು ಅಂತ ಹಿಡಿಯಬಾರದು. ಕುಣಿತವನ್ನು ಚಿಕಿತ್ಸೆಯ ಪಕ್ಕದಲ್ಲಿಡಿ, ಅದರ ಜಾಗದಲ್ಲಿ ಇಡಬೇಡಿ. ಓದುತ್ತಿರುವವರಲ್ಲಿ ಯಾರಾದರೂ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೈ ಹಗುರಾಯಿತು ಅಂತ ತಾವಾಗಿಯೇ ನಿಲ್ಲಿಸಬೇಡಿ.

ಸಿಡುಕಿಗೆ ಇದು ಕೆಲಸ ಮಾಡುವ ಬಗೆ ಹೀಗಿದೆ. ಮನಸ್ಸು ಬಂದಾಗ ಕುಣಿಯುತ್ತೇನೆ ಅಂತ ಕಾದರೆ ಮನಸ್ಸು ಬರುವುದಿಲ್ಲ, ಏಕೆಂದರೆ ಭಾರವಾದ ಮನಸ್ಸಿನ ಮೊದಲ ಲಕ್ಷಣವೇ ಯಾವುದೂ ಬೇಡ ಅನ್ನಿಸುವುದು. ಅದಕ್ಕೇ ಹೊತ್ತು ಮತ್ತು ಜಾಗ ಮೊದಲೇ ಗೊತ್ತುಮಾಡಿಡಬೇಕು, ಹುಮ್ಮಸ್ಸು ಕೆಲಸದ ಹಿಂದೆ ಬರುತ್ತದೆ. ಲ್ಯಾಪ್‌ಟಾಪ್ ಮುಚ್ಚುವುದಕ್ಕೂ ಅಡುಗೆಮನೆಗೆ ಹೋಗುವುದಕ್ಕೂ ನಡುವಿನ ಹೊತ್ತು ನಿಮಗೆ ಹೊಂದುತ್ತದೆ. ಬಟ್ಟೆ ಬದಲಿಸಬೇಕು, ಸೋಫಾ ಸರಿಸಬೇಕು ಅನ್ನುವಂಥ ಅಡ್ಡಿ ಏನೂ ಉಳಿಯದಂತೆ ಮಧ್ಯಾಹ್ನವೇ ಮಾಡಿಟ್ಟುಕೊಳ್ಳಿ. ತೀರಾ ಬೇಡ ಅನ್ನಿಸಿದ ದಿನ ಒಂದೇ ಹಾಡು. ಅದು ಮುಗಿದ ಮೇಲೂ ಬೇಡ ಅನ್ನಿಸಿದರೆ ನಿಲ್ಲಿಸಿ, ಆ ದಿನದ ಲೆಕ್ಕ ಪೂರ್ತಿಯಾದಂತೆಯೇ.

ಮನಸ್ಸಿನ ಸ್ಥಿತಿಗೆ ಮುಂಚೆ ಒಂದು, ಆಮೇಲೊಂದು ಅಂಕಿ ಕೊಡಿ, ಸೊನ್ನೆಯಿಂದ ಹತ್ತರೊಳಗೆ. ಗೋಡೆ ಕ್ಯಾಲೆಂಡರಿನ ತಾರೀಖಿನ ಚೌಕದಲ್ಲೇ 3/6 ಅಂತ ಬರೆದರೆ ಸಾಕು. ಯಾವ ಹಾಡು, ಯಾವ ಹೊತ್ತು ನಿಮಗೆ ಒಗ್ಗುತ್ತದೆ ಅನ್ನುವುದು ಮೂರು ವಾರದಲ್ಲಿ ಅಲ್ಲೇ ಕಾಣುತ್ತದೆ. ತೂಕ, ಕ್ಯಾಲೊರಿ ಬರೆಯಬೇಡಿ. ಅದು ಸೇರಿದ ಕೂಡಲೇ ಕುಣಿತ ತಿಂದದ್ದಕ್ಕೆ ದಂಡ ಕಟ್ಟುವ ಕೆಲಸವಾಗುತ್ತದೆ.

ಗಾಬರಿ ಇರುವವರಿಗೆ ಎದೆ ಹೊಡೆದುಕೊಳ್ಳುವುದು, ಉಸಿರು ಜೋರಾಗುವುದು ಕೂಡ ಪ್ಯಾನಿಕ್ ಅಟ್ಯಾಕ್ ಬಂದಂತೆಯೇ ಅನ್ನಿಸಬಹುದು. ಅವರು ನಿಮಿಷಕ್ಕೆ 100 ಬಡಿತದ ಹಾಡಿನಲ್ಲೇ ಒಂದು ತಿಂಗಳು ಇರಲಿ. ಕಣ್ಣು ತೆರೆದು ಕಿಟಕಿಯಂಥ ಒಂದು ಜಾಗ ನೋಡುತ್ತಿರಲಿ, ಕಣ್ಣು ಮುಚ್ಚಿ ಕುಣಿಯುವುದು ಎಲ್ಲರಿಗೂ ಹಿತವಲ್ಲ.

ಇನ್ನು ರಾತ್ರಿ ಮೂರರ ಎಚ್ಚರ. ಜೋರಾದ ಕುಣಿತ ಮಲಗುವ ಹೊತ್ತಿಗೆ ಕನಿಷ್ಠ ಎರಡು ಗಂಟೆ ಮುಂಚೆಯೇ ಮುಗಿಯಲಿ. ಆದರೆ ನಸುಕಿನ ಎಚ್ಚರವೂ ಸಿಡುಕೂ ಒಟ್ಟಿಗೆ ಇವೆ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ವಯಸ್ಸಿಗೆ ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಯೂ ಇರಬಹುದು, ಥೈರಾಯ್ಡ್ ಇರಬಹುದು, ಖಿನ್ನತೆಯೂ ಇರಬಹುದು. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಂಡರೆ ಡಾಕ್ಟರ ಹತ್ತಿರ ಹೋಗಿ, ಟಿ.ಎಸ್‌.ಎಚ್‌. (ಥೈರಾಯ್ಡ್‌ನದು) ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವ ಬಗ್ಗೆ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯುವ ಮಾತಿಲ್ಲ, ಅವತ್ತೇ ಕರೆ ಮಾಡಿ, ಇಲ್ಲ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಹೋಗಿ.

ಇನ್ನೊಂದು ವಿಷಯ. ನೃತ್ಯ ಚಿಕಿತ್ಸೆ ಅಂತ ಬೋರ್ಡ್ ಹಾಕಿಕೊಂಡ ತರಗತಿಗಳು ಊರಲ್ಲಿ ಹೆಚ್ಚುತ್ತಿವೆ. ಅಮೆರಿಕದಲ್ಲಿ 1942ರ ಹೊತ್ತಿಗೆ ಮರಿಯನ್ ಚೇಸ್ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಶುರುಮಾಡಿದ ಕೆಲಸದಿಂದ ಬೆಳೆದ ವೃತ್ತಿ ಅದು, ಅಲ್ಲಿ 1966ರಿಂದ ಅದಕ್ಕೆ ಸಂಘವೇ ಇದೆ. ಹಾಡು ಹಾಕಿ ಕುಣಿಸುವುದಷ್ಟೇ ಅದಲ್ಲ. ಸೇರುವ ಮುಂಚೆ ಅವರು ಎಲ್ಲಿ ಕಲಿತರು, ಯಾರ ಮೇಲ್ವಿಚಾರಣೆಯಲ್ಲಿ ಎಷ್ಟು ಕಾಲ ಕೆಲಸ ಮಾಡಿದರು ಅಂತ ಕೇಳಿ. ಉತ್ತರ ಜಾರಿಕೊಂಡರೆ ಮುಂದಿನ ಬಾಗಿಲು ನೋಡಿ.

ಕನಕಪುರರಸ್ತೆ44

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಥೈರಾಯ್ಡ್ ಪರೀಕ್ಷೆ ಈ ವಾರವೇ ಮಾಡಿಸುತ್ತೇನೆ. ಕೇಳಲು ಸಂಕೋಚ, ಆದರೂ ಕೇಳುತ್ತೇನೆ: ಜೋರಾಗಿ ಹೆಜ್ಜೆ ಹಾಕಿದಾಗ, ಕೆಮ್ಮಿದಾಗ ಸ್ವಲ್ಪ ಮೂತ್ರ ಸೋರುತ್ತದೆ. ಎರಡೂ ಹೆರಿಗೆ ನಾರ್ಮಲ್. ಹೀಗಿದ್ದಾಗ ಕುಣಿಯಬಹುದೇ?

ಕೋಲು_ಕೋಲೆನ್ನ

ಆ ಪ್ರಶ್ನೆಗೆ ತಿಳಿದವರು ಉತ್ತರ ಕೊಡಲಿ. ನನಗೆ ಇಡೀ ಚರ್ಚೆಯ ಬಗ್ಗೆಯೇ ಒಂದು ತಕರಾರಿದೆ. ಎಲ್ಲರೂ ಅಕ್ಕನನ್ನು ಪರದೆ ಎಳೆದು ಒಬ್ಬರೇ ಕುಣಿಯಿರಿ ಅನ್ನುತ್ತಿದ್ದೀರಿ. ಶುರುವಿಗೆ ಸರಿ. ಆದರೆ ಕೋಲಾಟ, ಕಂಸಾಳೆ, ಡೊಳ್ಳು, ಸುಗ್ಗಿ ಕುಣಿತ, ನಮ್ಮ ನೆಲದ ಕುಣಿತಗಳೆಲ್ಲ ಗುಂಪಿನವು. ಪಕ್ಕದವರ ಕಾಲು ಏಳುವ ಹೊತ್ತಿಗೇ ನಿಮ್ಮ ಕಾಲೂ ಏಳುವುದರಲ್ಲಿ ಬೇರೆಯೇ ಒಂದು ಗುಣವಿದೆ. ಆಕ್ಸ್‌ಫರ್ಡ್ ಸಂಶೋಧಕರು ಬ್ರೆಜಿಲ್‌ನ ಹೈಸ್ಕೂಲ್ ಮಕ್ಕಳನ್ನು ಕುಣಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಲಯದಲ್ಲಿ ಕುಣಿದವರ ನೋವು ತಾಳುವ ಶಕ್ತಿಯೂ ಒಬ್ಬರಿಗೊಬ್ಬರು ಹತ್ತಿರ ಅನ್ನುವ ಭಾವವೂ ಹೆಚ್ಚಿತ್ತು. ಸಂಜೆಯ ಸಿಡುಕಿನಲ್ಲಿ ಒಂಟಿತನದ ಪಾಲೂ ಇದ್ದರೆ ಹಾಲ್‌ನ ನಾಲ್ಕು ಗೋಡೆ ಅದಕ್ಕೆ ಮದ್ದಲ್ಲ.

ಎರಡು ತಿಂಗಳಾದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಎಂಟು ಜನ ಸೇರಿಸಿ ಕೋಲಾಟ ಶುರುಮಾಡಿ. ಸಮಸಂಖ್ಯೆ ಇರಬೇಕು, ಒಬ್ಬರು ಬರದಿದ್ದರೆ ಜೋಡಿ ಕೆಡುತ್ತದೆ, ಹಾಗಾಗಿ ಹತ್ತು ಜನರಿಗೆ ಹೇಳಿಡಿ. ಕೋಲು ಸುಮಾರು ಒಂದಡಿ ಉದ್ದ, ಹೆಬ್ಬೆರಳಿನ ದಪ್ಪ, ಮರಳುಕಾಗದ ಹಾಕಿ ನುಣ್ಣಗೆ ಮಾಡಿದ್ದು. ಸೀಳಿಲ್ಲವೇ ಅಂತ ಪ್ರತಿ ಸಲ ನೋಡಿ. ತುದಿಯಿಂದ ಎರಡು ಮೂರು ಬೆರಳು ಒಳಗೆ ಕೋಲಿಗೆ ಕೋಲು ತಾಗಬೇಕು. ಹಿಡಿಯ ಹತ್ತಿರ ತಾಗಿದರೆ ಗೆಣ್ಣಿಗೆ ಪೆಟ್ಟು. ಹಿಡಿ ಬಿಗಿಯಾದರೆ ಪ್ರತಿ ಏಟೂ ಮಣಿಕಟ್ಟಿಗೆ ಇಳಿಯುತ್ತದೆ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದು ಉಳಿದವನ್ನು ಸಡಿಲ ಬಿಡಿ.

ಒಳಗೆ ನಾಲ್ವರು, ಹೊರಗೆ ನಾಲ್ವರು, ಎದುರುಬದುರು. ಒಂದನೇ ಎಣಿಕೆಗೆ ತಮ್ಮದೇ ಎರಡು ಕೋಲು, ಎರಡಕ್ಕೆ ಎದುರಿನವರ ಬಲಗೋಲು, ಮೂರಕ್ಕೆ ಮತ್ತೆ ತಮ್ಮದು, ನಾಲ್ಕಕ್ಕೆ ಎದುರಿನವರ ಎಡಗೋಲು. ಇದು ನಿಂತಲ್ಲೇ ಪಕ್ಕಾ ಆಗುವವರೆಗೆ ಕಾಲು ಬೇಡವೇ ಬೇಡ. ಕೈ ಕಾಲು ಎರಡನ್ನೂ ಮೊದಲ ದಿನವೇ ಹೇಳಿಕೊಟ್ಟರೆ ಅರ್ಧ ಜನ ಎರಡನೇ ದಿನ ಬರುವುದಿಲ್ಲ. ಆಮೇಲೆ ಹೊರಗಿನ ಸುತ್ತು ಬಲಕ್ಕೆ ಒಂದು ಜಾಗ ಸರಿದರೆ ಪ್ರತಿ ನಾಲ್ಕೆಣಿಕೆಗೂ ಹೊಸ ಮುಖ.

ಟೆರೇಸ್‌ನಲ್ಲಿ ಮಾಡುವುದಾದರೆ ಮಳೆಗಾಲದಲ್ಲಿ ಪಾಚಿ ನೋಡಿಕೊಳ್ಳಿ, ವಾಟರ್‌ಪ್ರೂಫಿಂಗ್ ಬಣ್ಣ ಬಳಿದ ನೆಲ ಒದ್ದೆಯಾದರೆ ಬಹಳ ಜಾರುತ್ತದೆ. ಬೇಸಿಗೆಯಲ್ಲಿ ಸಂಜೆ ಆರಾದರೂ ನೆಲ ಕಾದಿರುತ್ತದೆ, ಅಂಗೈ ಇಟ್ಟು ನೋಡಿ ಆಮೇಲೆ ಬರಿಗಾಲಿಡಿ. ಸ್ಪೀಕರ್ ಹಾಕುವುದಾದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಬಾಯಲ್ಲೇ ಹಾಡಿಕೊಂಡರೆ ಸ್ಪೀಕರಿನ ಹಂಗೇ ಇಲ್ಲ, ಲಯವೂ ನಿಮ್ಮ ಗುಂಪಿನ ವಯಸ್ಸಿಗೆ ತಕ್ಕಂತೆ ಇರುತ್ತದೆ.

ಮಂಡಿಚಿಪ್ಪು

ಗುಂಪಿನ ಮಾತು ಒಪ್ಪುತ್ತೇನೆ, ಒಂದು ತಿದ್ದುಪಡಿ ಮಾತ್ರ. ಕೋಲಾಟದಲ್ಲಿ ಬಗ್ಗಿ ಹೊಡೆಯುವ ಬಗೆಗಳಿವೆಯಲ್ಲ, ಅಲ್ಲಿ ಸೊಂಟದಿಂದ ಬಗ್ಗಿ, ಬೆನ್ನು ಗುಂಡಗಾಗದಿರಲಿ.

ಮೇಡಂ, ಸಂಕೋಚ ಬೇಡ, ಹೆರಿಗೆಯಾದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಎಷ್ಟೋ ಜನ ವ್ಯಾಯಾಮ ಬಿಡುವುದು ಇದೇ ಕಾರಣಕ್ಕೆ, ಯಾರಿಗೂ ಹೇಳದೆ. ಕುಣಿಯಬಹುದು, ಎರಡೂ ಪಾದ ಒಟ್ಟಿಗೆ ನೆಲ ಬಿಡುವಂಥ ಹೆಜ್ಜೆ ಮಾತ್ರ ಸದ್ಯಕ್ಕೆ ಬೇಡ. ಸೊಂಟದ ಗೂಡಿನ ತಳದಲ್ಲಿರುವ ಸ್ನಾಯುಗಳಿಗೆ ಬಲ ಬೇಕು. ಗಾಳಿ ಹೋಗದಂತೆ ತಡೆಯುವಾಗ ಬಿಗಿಯುವ ಜಾಗವನ್ನೂ ಮೂತ್ರ ತಡೆಯುವ ಜಾಗವನ್ನೂ ಒಟ್ಟಿಗೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಐದು ಎಣಿಸುವವರೆಗೆ ಹಿಡಿಯಿರಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ 8ರಿಂದ 10, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಹೊಟ್ಟೆ ಉಬ್ಬಿದರೆ, ಪೃಷ್ಠ ಬಿಗಿಯಾದರೆ, ಉಸಿರು ನಿಂತರೆ ತಪ್ಪು ಜಾಗದಲ್ಲಿ ಬಲ ಬೀಳುತ್ತಿದೆ ಅಂತ. ಮೂತ್ರ ಮಾಡುವಾಗ ಮಧ್ಯೆ ತಡೆದು ಇದನ್ನು ಅಭ್ಯಾಸ ಮಾಡಬೇಡಿ. ಸಡಿಲ ಬಿಡುವುದೂ ಬಿಗಿಯುವಷ್ಟೇ ಮುಖ್ಯ, ಅದನ್ನು ಅವಸರದಲ್ಲಿ ಮುಗಿಸಬೇಡಿ.

ಕುಣಿಯುವಾಗ ತಟ್ಟುವ ಪೆಟ್ಟಿಗೆ ಉಸಿರು ಬಿಡಿ, ಸೊಲ್ಲುಕಟ್ಟು ಹೇಳುವ ಉಪಾಯ ಇಲ್ಲೂ ಕೆಲಸ ಮಾಡುತ್ತದೆ. ಸೋರುತ್ತದೆ ಅಂತ ನೀರು ಕುಡಿಯುವುದನ್ನು ನಿಲ್ಲಿಸಬೇಡಿ, ಮೂತ್ರ ಗಟ್ಟಿಯಾಗಿ ಚೀಲವನ್ನು ಇನ್ನಷ್ಟು ಕೆಣಕುತ್ತದೆ. ಕಾಫಿ ಮಾತ್ರ ಕುಣಿಯುವ ಮುಂಚೆ ಬೇಡ, ಆಮೇಲೆ ಕುಡಿಯಿರಿ. ಮೂರು ತಿಂಗಳಾದರೂ ಬದಲಾವಣೆ ಕಾಣದಿದ್ದರೆ, ಇಲ್ಲವೇ ಕೆಳಗೆ ಏನೋ ಜಾರಿ ಬಂದಂತೆ ಭಾರವೆನಿಸಿದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಈ ಸ್ನಾಯುಗಳಿಗೆಂದೇ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗಳು ಬೆಂಗಳೂರಿನಲ್ಲಿದ್ದಾರೆ, ಡಾಕ್ಟರೇ ಕಳಿಸಿಕೊಡುತ್ತಾರೆ.